ಹಾಡದೆ ಬಿಟ್ಟ ಚರಣ

"ಅದನ್ನ ನಿಲ್ಲಿಸ್ತೀಯೋ, ಇಲ್ಲಾ ಈ ಇಸ್ತ್ರಿಪೆಟ್ಟಿಗೇನ ನಿನ್ನ ಕಿವಿ ಮೇಲಿಡ್ಲೋ?"

ಸೋಪಣ್ಣ ನಕ್ಕ. ಬೆಳಗಿನಿಂದ ಇದು ನಾಲ್ಕನೆಯ ಸಲ. ಬಟ್ಟೆ ಒಗೆಯುವ ಯಂತ್ರದ ನೆತ್ತಿಯ ಮೇಲೆ ಫೋನು ಒರಗಿಸಿಟ್ಟು ಅದೇ ಹಾಡು ಹಾಕುತ್ತಿದ್ದ. ಹುಡುಗಿಯೊಬ್ಬಳ ದನಿ, ಜೊತೆಗೆ ಒಂದೇ ಒಂದು ಗಿಟಾರು. ಲಾಡ್ಜಿನ ಬೆಡ್‌ಶೀಟುಗಳು ಒಳಗೆ ದಡಬಡ ಉರುಳುತ್ತಿದ್ದರೂ ಆ ದನಿ ಅವಸರವಿಲ್ಲದೆ ತನ್ನ ಪಾಡಿಗೆ ತಾನು ಕೇಳುತ್ತಿತ್ತು.

"ಅಕ್ಕ, ಊರಿಗೆ ಊರೇ ಇದನ್ನ ಗುನುಗ್ತಾ ಇದೆ. ನಿಮಗೊಬ್ಬರಿಗೇ ಅಲರ್ಜಿ. ಇದರ ಹಳೇದನ್ನ ಕೇಳಿದೀರಾ? ಯಾರೋ ಎರಡನ್ನೂ ಪಕ್ಕಪಕ್ಕ ಹಾಕಿದಾರೆ. ಅಯ್ಯೋ, ಹಳೇದರಲ್ಲಿ ಆ ಹೆಂಗಸು ಬಸ್ಸು ಹಿಡಿಯೋಕೆ ಓಡ್ತಾ ಇರೋ ಹಾಗೆ ಹಾಡಿದಾಳೆ!"

ಇಸ್ತ್ರಿ ಮಾಡುತ್ತಿದ್ದವಳು ಕೋಟಿನ ತೋಳನ್ನು ತಿರುಗಿಸಿ, ಹಬೆಯ ಗುಂಡಿ ಒತ್ತಿದಳು. ಬುಸ್ಸೆಂದು ಎದ್ದ ಹಬೆಯಲ್ಲಿ ಅವಳ ಮುಖ ಕಾಣಲಿಲ್ಲ. ಈ ಲಾಂಡ್ರಿಗೆ ಸೇರಿ ಹತ್ತೊಂಬತ್ತು ವರ್ಷ. ಆ ಹೆಂಗಸು ತಾನೇ ಎಂದು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಒಂದು ಕ್ಯಾಸೆಟ್ಟಿಗೆ ಒಂದು ಹಾಡು ಹಾಡಿದ್ದಳು. ಬರೆದು ರಾಗ ಹಾಕಿದ್ದು ಅವಳ ಗಂಡ. ಕ್ಯಾಸೆಟ್ಟು ಬಂತು, ಅಂಗಡಿಗಳಲ್ಲಿ ಒಂದಷ್ಟು ದಿನ ಧೂಳು ತಿಂದಿತು, ಅಷ್ಟೆ. ಮತ್ತೆ ಯಾರೂ ಹಾಡಲು ಕರೆಯಲಿಲ್ಲ.

ಈಗ ಫೋನಿನಲ್ಲಿ ಹಾಡುತ್ತಿದ್ದವಳು ಅವಳ ಅಣ್ಣನ ಮಗಳು. ಯಾರದೋ ನಿವೃತ್ತಿಯ ಸಮಾರಂಭದಲ್ಲಿ ಹಾಡಿದ್ದನ್ನು ಒಬ್ಬರು ವಿಡಿಯೋ ಮಾಡಿ ನೆಟ್ಟಿನಲ್ಲಿ ಹಾಕಿದ್ದರು. ಮೂರು ವಾರದಲ್ಲಿ ಅದು ಎಲ್ಲಿಂದ ಎಲ್ಲಿಗೋ ಹೋಗಿತ್ತು. ಆ ಮೂರು ವಾರದಲ್ಲಿ ಅಣ್ಣನ ಮಗಳ ಹನ್ನೊಂದು ಕರೆಗಳನ್ನು ಅವಳು ಎತ್ತಿರಲಿಲ್ಲ.

ಆ ವಿಡಿಯೋದ ಕೆಳಗೆ ಜನ ಬರೆದಿದ್ದನ್ನೆಲ್ಲ ಓದಿದ್ದಳು. ಅಡುಗೆಮನೆಯಲ್ಲಿ ನಿಂತು, ಕನ್ನಡಕ ಹಾಕಿಕೊಂಡು, ಒಂದೂ ಬಿಡದೆ. 'ಮೂಲಕ್ಕಿಂತ ಇದೇ ಚಂದ.' 'ಹಳೆಯದನ್ನು ಕೇಳಿ ನಿರಾಸೆಯಾಯಿತು.' ಅವರು ಸುಳ್ಳು ಬರೆದಿದ್ದರೆ ಬೈದು ಮರೆತುಬಿಡಬಹುದಿತ್ತು.

ಹನ್ನೆರಡೂವರೆಗೆ ಬಾಗಿಲು ತಳ್ಳಿಕೊಂಡು ಅಣ್ಣನ ಮಗಳೇ ಬಂದಳು. ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಊಟದ ಬಿಡುವಿನಲ್ಲಿ ಓಡಿಬಂದಿದ್ದಳು. ಕುತ್ತಿಗೆಯಲ್ಲಿ ಇನ್ನೂ ಮುಖಗವಸು ನೇತಾಡುತ್ತಿತ್ತು. ಚಿಕ್ಕವಳಿದ್ದಾಗ ಹಗಲೆಲ್ಲ ಏನಾದರೂ ಊದುತ್ತಾ ಗುನುಗುತ್ತಾ ಇರುತ್ತಿದ್ದುದರಿಂದ ಮನೆಯಲ್ಲಿ ಎಲ್ಲರಿಗೂ ಅವಳು ಪೀಪಿ.

"ಅತ್ತೆ."

"ಬಟ್ಟೆ ಕೊಡೋದಿದ್ರೆ ಅಲ್ಲಿ ಕೌಂಟರಲ್ಲಿ ಕೊಡು."

"ಬಟ್ಟೆ ಇಲ್ಲ ಅತ್ತೆ. ಬೈಸಿಕೊಳ್ಳೋಕೆ ಬಂದೆ."

"ಅದಕ್ಕೂ ಚೀಟಿ ತಗೋಬೇಕು. ನಾಳಿದ್ದು ಬಾ."

ಸೋಪಣ್ಣ ಫೋನಿನ ಕಡೆ ನೋಡಿದ, ಹುಡುಗಿಯ ಕಡೆ ನೋಡಿದ, ಮತ್ತೆ ಫೋನಿನ ಕಡೆ ನೋಡಿದ. ಅವನ ಬಾಯಿ ತೆರೆದುಕೊಂಡಿತು.

"ಬಾಯಿ ಮುಚ್ಚು, ನೊರೆ ಹೋಗುತ್ತೆ" ಅಂದಳು ಅವಳು. ಅವನು ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ಸರಿದ. ತೀರ ದೂರವೇನೂ ಹೋಗಲಿಲ್ಲ.

ಪೀಪಿ ಇಸ್ತ್ರಿ ಮೇಜಿನ ಇನ್ನೊಂದು ತುದಿಗೆ ಬಂದು ನಿಂತಳು. "ಶನಿವಾರ ಸ್ಟುಡಿಯೋದಲ್ಲಿ ಸರಿಯಾಗಿ ರೆಕಾರ್ಡ್ ಮಾಡ್ತಾರಂತೆ. ಬರೆದವರು ಮಾವ, ಮೊದಲು ಹಾಡಿದವರು ನೀವು ಅಂತ ಹಾಕಿಸ್ತೀನಿ. ಅದನ್ನ ಮೊದಲೇ ಹೇಳಿದೀನಿ."

"ಹಾಕಿ? ಗೋಡೆಗೆ ಮೊಳೆ ಹೊಡೆದು ನೇತು ಹಾಕ್ಕೊಳ್ಳಲಾ?"

"ಅತ್ತೆ, ಸಿಟ್ಟಿದ್ರೆ ನೆಟ್ಟಗೆ ಬೈರಿ."

"ಯಾಕೆ ಹಾಗೆ ನಿಧಾನ ಮಾಡಿದೆ?" ಪ್ರಶ್ನೆ ಅವಳಿಗೇ ಗೊತ್ತಿಲ್ಲದೆ ಹೊರಗೆ ಬಿದ್ದಿತ್ತು. "ಒಂದು ಮಾತು ಕೇಳಬಾರದಿತ್ತಾ? ನನ್ನ ಹಾಡನ್ನ ಬಿಚ್ಚಿ, ತಿದ್ದಿ, ಹೀಗಲ್ಲ ಹೀಗೆ ಹಾಡಬೇಕಿತ್ತು ಅಂತ ಊರಿಗೆಲ್ಲ ತೋರಿಸಿದ ಹಾಗಾಯ್ತು."

ಪೀಪಿ ಬೆಪ್ಪಾಗಿ ನಿಂತಳು. "ನಾನೆಲ್ಲಿ ನಿಧಾನ ಮಾಡಿದೆ? ನಾನು ಕೇಳಿದ್ದೇ ಹಾಗೆ."

"ಏನು ಹಾಗೆ?"

"ನಿಮ್ಮ ಮನೆಯಲ್ಲಿ. ಸ್ಕೂಲು ಬಿಟ್ಟು ನಿಮ್ಮ ಮನೆಗೇ ಅಲ್ವಾ ಬರ್ತಿದ್ದಿದ್ದು? ಮಾವನ ಮೇಜಿನ ಮೇಲಿತ್ತಲ್ಲ ಆ ಟೇಪ್ ರೆಕಾರ್ಡರ್, ಅದರಲ್ಲಿ ದಿನಾ ಹಾಕ್ಕೊಂಡು ಕೇಳ್ತಿದ್ದೆ. ಅದರಲ್ಲಿ ನೀವು ಹಾಡಿದ್ದೇ ಹೀಗೆ, ತಗ್ಗಿನ ದನಿಯಲ್ಲಿ, ಎಳೆದು ಎಳೆದು. ಮೊನ್ನೆ ಯಾರೋ ಹಳೇದನ್ನ ಹಾಕಿದಾಗ ನಾನೇ ಗಾಬರಿಯಾದೆ. ಇದು ನಮ್ಮತ್ತೆ ಅಲ್ಲ ಅಂದ್ಕೊಂಡೆ."

ಅವಳು ಇಸ್ತ್ರಿಪೆಟ್ಟಿಗೆಯನ್ನು ಅದರ ತಟ್ಟೆಯ ಮೇಲಿಟ್ಟಳು.

ಆ ಟೇಪ್ ರೆಕಾರ್ಡರಿನ ಬೆಲ್ಟು ಸಡಿಲವಾಗಿ ಟೇಪು ನಿಧಾನಕ್ಕೆ ಓಡುತ್ತಿತ್ತು. ಅವಳ ಗಂಡ ರೇಡಿಯೊ ರಿಪೇರಿಯವನು. ಊರಿನವರ ಯಂತ್ರಗಳೆಲ್ಲ ಅವನ ಕೈಯಲ್ಲಿ ನೆಟ್ಟಗಾಗುತ್ತಿದ್ದವು, ಮನೆಯದು ಮಾತ್ರ ಎಂಟು ವರ್ಷ ಏದುಸಿರು ಬಿಡುತ್ತಾ ತಿರುಗಿತು. ಒಂದು ರಬ್ಬರ್ ಬೆಲ್ಟು ಹಾಕಲು ನಿಮಗೇನು ರೋಗ ಎಂದು ಅವಳು ಎಷ್ಟು ಸಲ ರೇಗಿದ್ದಳೋ. ಅವನು ಪ್ರತಿ ಸಲವೂ ತಲೆಯೆತ್ತದೆ, "ಹಾಕೋಣ, ಹಾಕೋಣ" ಅನ್ನುತ್ತಿದ್ದ. ಅದರಲ್ಲಿ ತನ್ನ ಹಾಡು ಬರುತ್ತಿದ್ದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಎಮ್ಮೆ ಮೆಲುಕು ಹಾಕುವ ಹಾಗಿದೆ ಎಂದು ಅವಳ ಅಭಿಪ್ರಾಯ. ಆರು ವರ್ಷದ ಮಗು ಮೇಜಿನ ಕೆಳಗೆ ಕಾಲು ಚಾಚಿ ಕೂತು ಆ ಎಮ್ಮೆಯನ್ನೇ ಬಾಯಿಪಾಠ ಮಾಡುತ್ತಿದೆ ಎಂದು ಯಾರಿಗೆ ಗೊತ್ತಿತ್ತು?

ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ನಕ್ಕಳು. ಪೀಪಿಗೆ ಇನ್ನಷ್ಟು ಗಾಬರಿಯಾಯಿತು.

"ಅತ್ತೆ? ಏನಾಯ್ತು?"

"ಬೆಲ್ಟು ಕಣೆ. ಬೆಲ್ಟು ಸಡಿಲ ಇತ್ತು." ಅವಳು ಕಣ್ಣೊರೆಸಿಕೊಂಡಳು. "ನಾನು ಹಾಡಿದ್ದು ಓಡುತ್ತಲೇ. ಆ ಜನ ಬರೆದದ್ದು ಸರಿಯಾಗೇ ಇದೆ. ಕ್ಯಾಸೆಟ್ಟಿನಲ್ಲಿ ಬೇರೆಯವರ ಹಾಡೆಲ್ಲ ತುಂಬಿ, ಕೊನೇಲಿ ಮೂರು ನಿಮಿಷದ ಜಾಗ ಉಳಿದಿತ್ತು. ಖಾಲಿ ಬಿಡೋದೇಕೆ ಅಂತ ನಮ್ಮನ್ನ ಕರೆದರು. ನಿಮ್ಮ ಮಾವ ಸ್ಟುಡಿಯೋದ ಗಾಜಿನ ಆ ಕಡೆ ಗಡಿಯಾರ ನೋಡ್ತಾ ಬೆರಳು ಮಡಚ್ತಿದ್ರು. ನಾನು ಇಪ್ಪತ್ತೆರಡು ವರ್ಷದವಳು. ಬಂದವರಿಗೆ ಕೂತ್ಕೊಳ್ಳಿ ಅನ್ನೋ ಹಾಡನ್ನ ನಾನು ಎದ್ದು ಓಡ್ತಾ ಹಾಡಿದೆ."

ಹಾಡು ಅಷ್ಟೇ. *ಬಂದ ದಾರಿ ದೂರವಿತ್ತು, ಮೆಟ್ಟಿಲಲ್ಲಿ ಕೂರು. ಆಡೊ ಮಾತು ನಾಳೆಗಿರಲಿ, ಮೊದಲು ಕುಡಿಯೊ ನೀರು.* ದೂರದಿಂದ ಬಂದ ಗೆಳೆಯನನ್ನು ಮನೆಯ ಮೆಟ್ಟಿಲ ಮೇಲೆ ಕೂರಿಸಿಕೊಳ್ಳುವ ಹಾಡು. ಹಿಂದೆ ಸರಿದಿದ್ದ ಸೋಪಣ್ಣ ಈಗ ಬುಟ್ಟಿಯ ಹಿಂದೆ ಪೂರ್ತಿ ಅಡಗಿಕೊಂಡಿದ್ದ.

"ಅಕ್ಕ," ಅಲ್ಲಿಂದಲೇ ಹೇಳಿದ, "ಬಸ್ಸಿನ ಮಾತು ನಾನು ಆಡಲಿಲ್ಲ ಅಂದ್ಕೊಳ್ಳಿ."

"ಆಡಿದೀಯ. ನೆನಪಿಟ್ಕೊಂಡಿರ್ತೀನಿ."

ಪೀಪಿ ಗೋಡೆಯ ಗಡಿಯಾರ ನೋಡಿದಳು. ಅವಳು ಬಂದ ಕೆಲಸ ಇನ್ನೂ ಬಾಕಿಯಿತ್ತು. ಹೇಳಲು ಹೆದರುತ್ತಿದ್ದಳು ಎಂಬುದು ಮುಖಗವಸಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದ ರೀತಿಯಲ್ಲೇ ಕಾಣುತ್ತಿತ್ತು.

"ಸ್ಟುಡಿಯೋದವರು ಇನ್ನೊಂದು ಚರಣ ಬೇಕು ಅಂತಿದಾರೆ. ಎರಡಕ್ಕೇ ಮುಗಿದ್ರೆ ಅರ್ಧಕ್ಕೇ ನಿಂತ ಹಾಗಿದೆಯಂತೆ. ಯಾರೋ ಕವಿ ಇದಾರೆ, ಅವರ ಕೈಲಿ ಬರೆಸ್ತೀವಿ ಅಂದ್ರು. ನಾನು ಎರಡು ದಿನ ತಾಳಿ ಅಂದೆ. ಮಾವ ಬೆಸುಗೆ ಹಾಕುವಾಗ ಇದನ್ನ ಗುನುಗ್ತಾ ಮೂರನೇ ಸುತ್ತು ಹೋಗ್ತಿದ್ರು, ಮಾತಿಲ್ಲದೆ. ಅದಕ್ಕೂ ಮಾತು ಇತ್ತಾ ಅತ್ತೆ?"

ಅವಳು ಕೋಟನ್ನು ಹ್ಯಾಂಗರಿಗೆ ಏರಿಸಿ, ಭುಜ ಸರಿಮಾಡಿ, ಪ್ಲಾಸ್ಟಿಕ್ ಹೊದಿಸಿದಳು. ಮಾತು ಇತ್ತು. ಅದನ್ನು ಬಿಡಿಸಿದವಳು ಅವಳೇ. ಜಾಗವಿಲ್ಲ, ಮೂರನೆಯದು ತೆಗೆಯಿರಿ, ಅಳುಮುಂಜಿಯ ಹಾಗಿದೆ, ಯಾರು ಕೇಳುತ್ತಾರೆ ಎಂದಿದ್ದಳು. ಅವನು ಸರಿ ಅಂದ. ಮತ್ತೆಂದೂ ಆ ಮಾತೆತ್ತಲಿಲ್ಲ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಊಟ ಮುಗಿಸಿ ಕೈ ತೊಳೆಯಲು ಎದ್ದವನು ಅಲ್ಲೇ ಕುಸಿದು ಹೋಗಿಬಿಟ್ಟ. ಅಂದಿನಿಂದ ಆ ಸಾಲುಗಳನ್ನು ಮನಸ್ಸಿನಲ್ಲಿ ಮಾತ್ರ ಹೇಳಿಕೊಳ್ಳುತ್ತಿದ್ದಳು. ಅವನದು ಎಂದು ಯಾರ ಬಾಯಿಗೂ ಬೀಳದೆ ಉಳಿದಿದ್ದದ್ದು ಅದೊಂದೇ. ಅದನ್ನೂ ಕೊಟ್ಟರೆ ಹಾಡು ಪೂರ್ತಿ ಈ ಹುಡುಗಿಯದಾಗುತ್ತದೆ. ಕೊಡದಿದ್ದರೆ ಅವನ ಎರಡು ಚರಣದ ಪಕ್ಕದಲ್ಲಿ ಇನ್ಯಾರೋ ಬಂದು ಕೂರುತ್ತಾರೆ.

"ಇಲ್ಲದಿದ್ರೆ ಬೇಡ ಅತ್ತೆ," ಅಂದಳು ಪೀಪಿ. "ಎರಡರಲ್ಲೇ ನಿಲ್ಲಿಸಿ ಅಂತೀನಿ. ಒಪ್ಪದಿದ್ರೆ ಬಿಟ್ಟುಬಿಡ್ತೀನಿ. ನೀವು ಮಾತ್ರ ಫೋನ್ ಎತ್ತಿ, ಸಾಕು."

"ಬಿಡೋಕೆ ನೀನ್ಯಾರು?" ಅವಳು ಗದರಿದಳು. "ಮೂವತ್ತು ವರ್ಷಕ್ಕೆ ಒಂದು ಸಲ ಜನ ಕಿವಿ ಕೊಟ್ಟಿದಾರೆ, ಬಿಡ್ತಾಳಂತೆ. ಬರಕೊ."

ಪೀಪಿ ತಡಕಾಡಿ ಕೌಂಟರಿನಿಂದ ಚೀಟಿಪುಸ್ತಕ ತಂದು ತಿರುವಿ ಹಿಡಿದಳು. ಅತ್ತೆ ಬಾಯಿ ತೆರೆದಳು. ಅಭ್ಯಾಸಬಲದಿಂದ ಹಳೆಯ ಓಟದಲ್ಲೇ ಶುರುವಾಯಿತು, ಎರಡನೇ ಮಾತಿಗೇ ಉಸಿರು ಸಾಲದಾಯಿತು. ಕೆಮ್ಮಿದಳು. ಮೇಜಿನ ಅಂಚು ಹಿಡಿದುಕೊಂಡು, ಈ ಸಲ ಆ ಹುಡುಗಿ ಹಾಡಿದ ಹಾಗೆ, ಬೆಲ್ಟು ಸಡಿಲವಾದ ಯಂತ್ರದ ಹಾಗೆ, ಒಂದೊಂದಾಗಿ ಬಿಟ್ಟಳು.

*ಎದ್ದು ಹೋದೆ ಹೇಳದೇನೆ, ಯಾಕೆ ಎನ್ನೆ ನಾನು*
*ಕೂತ ಜಾಗ ಬೆಚ್ಚಗಿದೆ, ಬೇರೆ ಬೇಕು ಏನು*

ಉಸಿರು ಸಾಲಿತು. ಇನ್ನೂ ಸ್ವಲ್ಪ ಮಿಕ್ಕಿತು.

ಪೀಪಿ ಬರೆಯುವುದನ್ನು ಮರೆತಿದ್ದಳು. ಅವಳ ಮೂಗಿನ ತುದಿ ಕೆಂಪಾಗಿತ್ತು.

"ಅಳೋದಾದ್ರೆ ಆಮೇಲೆ ಅಳು. ಈಗ ಹಾಡು, ನೋಡೋಣ."

ಹುಡುಗಿ ಹಾಡಿದಳು. ಎರಡನೇ ಸಾಲಿಗೆ ಬಂದಾಗ ಅತ್ತೆ ಕೈಯೆತ್ತಿ ತಡೆದಳು. "ಅಲ್ಲಿ ಓಡಬೇಡ. 'ಜಾಗ' ಅಂದಮೇಲೆ ಒಂಚೂರು ನಿಲ್ಲು. ಮುಟ್ಟಿ ನೋಡೋವಷ್ಟು ಹೊತ್ತು. ಆಮೇಲೆ 'ಬೆಚ್ಚಗಿದೆ' ಅನ್ನು."

"ನೀವೂ ಹಾಡಿ ಅತ್ತೆ, ಜೊತೆಗೆ."

"ನನ್ನ ದನಿ ಈಗ ತುಕ್ಕು ಹಿಡಿದ ಕೀಲು."

"ಇರಲಿ. ಹಾಡಿ."

ಇಬ್ಬರೂ ಶುರುಮಾಡಿದರು. ಹುಡುಗಿಯ ದನಿ ಮುಂದೆ, ಅವಳದು ಅರ್ಧ ಹೆಜ್ಜೆ ಹಿಂದೆ. ಒಬ್ಬ ಗಿರಾಕಿ ಒಳಗೆ ಬಂದು ಗಂಟೆಯ ಮೇಲೆ ಕೈಯಿಟ್ಟವನು ಬಾರಿಸದೆ ನಿಂತ. ಹಿಂದೆ ಸೋಪಣ್ಣ ಮುಂದಿನ ರಾಶಿ ತುಂಬಿಸಿ ಮುಗಿಸಿದ್ದ. ಯಂತ್ರದ ಬಾಗಿಲನ್ನು ಮುಚ್ಚಿದರೆ ಸದ್ದಾಗುತ್ತದೆಂದು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ.