ರಾಣಿ ಅಳಲಿಲ್ಲ

ನನಗೆ ಅರುಳು ಮರುಳು, ಇಸವಿ ನೆನಪಿಲ್ಲ ಅನ್ನುವವರು ಸ್ವಲ್ಪ ಬಾಯಿ ಮುಚ್ಚಿ ಕೇಳಿ. ತೊಂಬತ್ತಾರನೇ ಇಸವಿ, ಮೇ ತಿಂಗಳ ಶನಿವಾರ, ಮಧ್ಯಾಹ್ನ ಎರಡೂವರೆ. ಸ್ಯಾನ್ ಡಿಯಾಗೋದ ಒಂದು ಶಾಲೆಯಲ್ಲಿ ಕನ್ನಡದವರ ಯಕ್ಷಗಾನ. ಅಲ್ಲಿನ ಸಂಗೀತದ ಕೋಣೆಯನ್ನೇ ಬಣ್ಣ ಹಚ್ಚುವ ಚೌಕಿ ಮಾಡಿಕೊಂಡು, ಐವತ್ತೆರಡರ ಕರುಣಾಕರ ಮೀಸೆ ಬೋಳಿಸಿ ರಾಣಿಯಾಗಿ ನಿಂತಿದ್ದ. ಸೀರೆಯ ಬಣ್ಣವೂ ಬೇಕೇ? ಕೆಂಪು, ಹಸಿರು ಅಂಚು. ಆಯಿತಲ್ಲ!

ಸೀರೆ ಉಡಿಸುತ್ತಿದ್ದವಳು ಅವನ ಹೆಂಡತಿ ವನಜಾಕ್ಷಿ.

"ಹೊಟ್ಟೆ ಒಳಗೆ ಎಳ್ಕೊಳ್ಳಿ. ರಾಣಿಗೆ ಇಷ್ಟು ದೊಡ್ಡ ಹೊಟ್ಟೆ ಇರೂದಿಲ್ಲ."

"ನೀನೇ ಹಾಕಿದ ಅನ್ನ ಅಲ್ವಾ ಮಾರಾಯ್ತಿ?"

"ಸೆಪ್ಟೆಂಬರಿನಿಂದ ಕರಗ್ಬಹುದು, ನೀವು ಮನಸ್ಸು ಮಾಡಿದ್ರೆ."

ಕರುಣಾಕರ ಕೇಳಿಸದವನಂತೆ ಬಳೆ ಏರಿಸಿಕೊಳ್ಳತೊಡಗಿದ.

ಅವನು ಕೆಟ್ಟವನಲ್ಲ. ಪ್ರಾಯದಲ್ಲಿ ಉಡುಪಿ ಕಡೆಯ ಮೇಳದಲ್ಲಿ ಹೆಣ್ಣುವೇಷ ಹಾಕಿ ಹೆಸರು ಮಾಡಿದವನು. ಈಗ ಸ್ಯಾನ್ ಪೀಡ್ರೊ ಬಂದರಿನಲ್ಲಿ ಒಂದು ಹಡಗು ಕಂಪನಿಯ ಆಫೀಸಿನವನು. ಮಗ ದೀಕ್ಷಿತ್ ಓದಲು ಟೆಕ್ಸಾಸಿಗೆ ಹೋದ ಮೇಲೆ ವನಜಾಕ್ಷಿ ಕಮ್ಯುನಿಟಿ ಕಾಲೇಜು ಸೇರಿ, ಅಮೆರಿಕದ ಇತಿಹಾಸದ ಹುಚ್ಚು ಹತ್ತಿಸಿಕೊಂಡಳು. ಮದುವೆಯಾದ ಹೆಂಗಸು ದುಡಿದದ್ದೂ ಗಂಡನದೇ ಎಂಬ ಕಾನೂನು ಈ ದೇಶದಲ್ಲೂ ಇತ್ತಂತೆ. ಅಂಥ ಹೆಂಗಸರು ಕದ್ದುಮುಚ್ಚಿ ಬರೆದ ಕಥೆ, ಕಾಗದಗಳನ್ನು ಓದಿ ಊಟಕ್ಕೆ ಕೂತಾಗ ಹೇಳುವಳು. ಇವನು ಸಾರು ಸುರಿದುಕೊಂಡು "ಹೌದಾ?" ಅನ್ನುವನು. ಈಗ ಸ್ಯಾನ್ ಡಿಯಾಗೋದ ಯುನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಮನೆಯಿಂದ ಎರಡು ಗಂಟೆಯ ದಾರಿ. ಸೆಪ್ಟೆಂಬರಿನಿಂದ ಎರಡು ವರ್ಷ, ವಾರಕ್ಕೆ ನಾಲ್ಕು ದಿನ ಅಲ್ಲೇ ರೂಮು. ಜೂನ್ ಒಂದರೊಳಗೆ ಉತ್ತರ ಕೊಡಬೇಕು. ಪತ್ರ ಫ್ರಿಜ್ಜಿನ ಬಾಗಿಲಲ್ಲಿ ನೇತಾಡುತ್ತಿತ್ತು. ಅವಳು ಕೇಳಿದಾಗಲೆಲ್ಲ ಕರುಣಾಕರ ಅನ್ನುತ್ತಿದ್ದದ್ದು ಒಂದೇ ಮಾತು: "ನೋಡುವ."

"ಈ ರಾಣಿ ತವರಿಗೆ ಹೋಗ್ತೇನೆ ಅಂತ ಹೊರಟು, ಕಡೆಗೆ ಅತ್ತು ಅಲ್ಲೇ ಉಳೀತಾಳಲ್ಲ, ಯಾಕೆ?" ವನಜಾಕ್ಷಿ ನೆರಿಗೆ ಹಿಡಿದು ಕೇಳಿದಳು.

"ಕಥೆ ಹಾಗೆ ಉಂಟು."

"ಕಥೆ ಕಟ್ಟಿದ್ದು ಗಂಡಸ್ರು, ರಾಣಿ ಆಗೂದೂ ಗಂಡಸ್ರು. ಅವಳನ್ನು ಒಬ್ರಾದ್ರೂ ಕೇಳಿದ್ರಾ?" ಅನ್ನುತ್ತ ಭುಜಕ್ಕೆ ಪಿನ್ನು ಚುಚ್ಚಿದಳು.

"ಅಯ್ಯೋ, ಮೈಗೇ ಚುಚ್ಚಿದಿ!"

"ಗೊತ್ತುಂಟು."

ರಾಜನ ವೇಷ ಡೈಮಂಡ್ ಬಾರ್ ಎಂಬ ಊರಿನ ಶಿವರಾಮನದು. ಹಲ್ಲಿನ ಡಾಕ್ಟರು, ಪೇಶೆಂಟಿನ ಬಾಯಿ ತೆರೆಸಿಟ್ಟು ತಾನೊಬ್ಬನೇ ಮಾತಾಡಿ ಅಭ್ಯಾಸ. ಯಕ್ಷಗಾನದಲ್ಲಿ ಭಾಗವತರ ಹಾಡು ಮಾತ್ರ ಬರೆದಿಟ್ಟದ್ದು. ಮಾತೆಲ್ಲ ಅಲ್ಲೇ ಹುಟ್ಟಬೇಕು. ರಂಗದ ಮೇಲೆ ರಾಣಿ ತವರಿಗೆ ಹೋಗಿಬರುತ್ತೇನೆಂದಳು. ಶಿವರಾಮನಿಗೆ ತಟ್ಟನೆ ಮಾತು ಹೊಳೆಯಲಿಲ್ಲ. ಮೀಸೆ ತಿರುವಿ, "ನೋಡುವ, ರಾಣಿ, ನೋಡುವ" ಅಂದ. ಸಭೆ ಗೊಳ್ಳೆಂದು ನಕ್ಕಿತು. ನಗು ಬಂದ ಮೇಲೆ ಬಿಡುವ ಆಸಾಮಿಯೇ? ರಾಣಿ ಮತ್ತೆ ಕೇಳಿದಳು. ಮತ್ತೆ "ನೋಡುವ." ಮೂರನೆಯ ಸಲವೂ ಅದೇ.

ಕರುಣಾಕರ ಸಭೆಯ ಕಡೆ ನೋಡಿದ. ಮೂರನೇ ಸಾಲಿನಲ್ಲಿ ವನಜಾಕ್ಷಿ ಒಬ್ಬಳೇ ನಗುತ್ತಿರಲಿಲ್ಲ. ಉಳಿದ ಪಿನ್ನುಗಳನ್ನು ಅಂಗೈಯಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಭಾಗವತರು ಅಳುವ ಪದ ಎತ್ತಿಕೊಂಡರು. ರಾಣಿ ಸೆರಗಿನಿಂದ ಕಣ್ಣೊರೆಸಬೇಕು. ಒರೆಸಲಿಲ್ಲ. ಭಾಗವತರು ದುರುಗುಟ್ಟಿ ಮತ್ತೆ ಎತ್ತಿದರು.

"ಭಾಗವತರೇ, ಆ ಪದ ಇವತ್ತು ಬೇಡ."

ಮದ್ದಳೆಯವನ ಕೈ ಗಾಳಿಯಲ್ಲೇ ನಿಂತಿತು. ಕರುಣಾಕರ ರಾಜನ ಕಡೆ ತಿರುಗಿದ. "ಪ್ರಭು, ಇಲ್ಲ ಎಂದಿದ್ದರೆ ಜಗಳವಾಡುತ್ತಿದ್ದೆ. ಹೂಂ ಎಂದಿದ್ದರೆ ಹೊರಡುತ್ತಿದ್ದೆ. ನೋಡುವ ಎಂದರೆ, ನಾನು ಈ ಬಾಗಿಲಲ್ಲೇ ನಿಂತು ಮುದುಕಿಯಾಗಲೇ?"

ಶಿವರಾಮ ಬಾಯಿ ತೆರೆದ. ತೆರೆದೇ ಇಟ್ಟ. ಹಿಂದಿನ ಸಾಲಿನಿಂದ ಯಾವಳೋ ಜೋರಾಗಿ ಚಪ್ಪಾಳೆ ಹೊಡೆದಳು. ರಾಣಿ ನೆರಿಗೆ ಎತ್ತಿ ಹಿಡಿದು ರಂಗದಿಂದ ನಡೆದೇಬಿಟ್ಟಳು.

ಸಂಜೆ ವನಜಾಕ್ಷಿಯೇ ಡ್ರೈವ್ ಮಾಡುತ್ತಿದ್ದಳು. ಎಡಕ್ಕೆ ಸಮುದ್ರ ಹೊಳೆಯುತ್ತಿತ್ತು. ಕರುಣಾಕರ ಪ್ಯಾಂಟು ಶರ್ಟಿಗೆ ಬಂದಿದ್ದರೂ ಕಿವಿಯ ಹಿಂದೆ ಬಣ್ಣ ಉಳಿದಿತ್ತು. ಬಲಗೈಯ ಬಳೆಗಳು ಸೋಪು ಹಚ್ಚಿದರೂ ಬಂದಿರಲಿಲ್ಲ.

"ಶಿವರಾಮಣ್ಣ ನಿಮ್ಮತ್ರ ಮಾತೇ ಆಡ್ಲಿಲ್ಲ," ಅಂದಳು.

"ಆಡದಿದ್ರೆ ಬೇಡ. ಹಲ್ಲು ನನಗೆ ಗಟ್ಟಿ ಉಂಟು."

ಅವಳು ನಕ್ಕಳು. ಕರುಣಾಕರ ಹೆದ್ದಾರಿಯ ಬೋರ್ಡು ಓದತೊಡಗಿದ.

"ನಿನ್ನ ಯುನಿವರ್ಸಿಟಿಗೆ ಯಾವ ಎಕ್ಸಿಟ್?"

"ಮುಂದಿನದ್ದು."

"ತಗೋ ಹಾಗಾದ್ರೆ. ರೂಮು ಯಾವ ಕಡೆ, ತೋರ್ಸು. ಸೋಮವಾರ ಉತ್ತರ ಹಾಕಿ ಬಿಡು."

ವನಜಾಕ್ಷಿ ಇಂಡಿಕೇಟರ್ ಹಾಕಿದಳು. ಅದು ಟಿಕ್ ಟಿಕ್ ಅನ್ನುತ್ತಿತ್ತು. ಕಾರು ಬಲಕ್ಕೆ ವಾಲಿದಾಗ ಅವನ ಕೈಯ ಬಳೆಗಳೂ ಸಣ್ಣಗೆ ಸದ್ದು ಮಾಡಿದವು.

ಕೇಳಿದವರು ಇದನ್ನು ನಿಮ್ಮ ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ. ಸೀರೆ ಮಾತ್ರ ಬದಲಿಸಬೇಡಿ. ಕೆಂಪು, ಹಸಿರು ಅಂಚು.