ಸುಗುಣಾ ಮಗಳನ್ನು ಹೊಗಳಿದ್ದು

ನನ್ನ ಹೆಂಡತಿ ಸುಗುಣಾ ಮಗಳಿಗೆ ವಿಜೇತಾ ಎಂದು ತಾನೇ ಹೆಸರಿಟ್ಟಳು. ಆಮೇಲೆ ಹದಿನೇಳು ವರ್ಷ, ಆ ಮಗಳಿಂದ ಏನೂ ಆಗುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದಳು. ಊರು ಎಂದರೆ ಲಂಡನ್ನಿನ ವೆಂಬ್ಲಿ. ಈಲಿಂಗ್ ರೋಡಿನಲ್ಲಿ ನಮ್ಮದೊಂದು ದೋಸೆ ಹೋಟೆಲು, ಮೇಲೆಯೇ ಮನೆ.

ಗಿರಾಕಿಗಳು ಬಿಲ್ ಕೊಡುವಾಗ ಸುಮ್ಮನೆ ಕೇಳುತ್ತಿದ್ದರು, ಮಗಳು ಹೇಗೆ ಓದುತ್ತಾಳೆ ಎಂದು. ಸುಗುಣಾಳ ಉತ್ತರ ಸಿದ್ಧವಾಗಿರುತ್ತಿತ್ತು. ನಮ್ಮ ಕಡೆಯವರಾದರೆ, "ಅದ್ ಎಂತ ಓದುದು, ಟಿವಿ ಕಾಂಬುದೊಂದೇ ಅದ್ರ ಕೆಲ್ಸ." ಬೇರೆಯವರಾದರೆ, "ವೆರಿ ಲೇಜಿ ಗರ್ಲ್." ಆ ವಾರವಷ್ಟೇ ವಿಜೇತಾ ಶಾಲೆಗೇ ಮೊದಲಿಗಳಾಗಿರುತ್ತಿದ್ದಳು. ನಾನು ಬಾಯಿಬಿಡಲು ಹೋದರೆ ಸುಗುಣಾ ಕೌಂಟರಿನ ಕೆಳಗೆ ನನ್ನ ಕಾಲನ್ನು ಬಲವಾಗಿ ತುಳಿಯುತ್ತಿದ್ದಳು. ನನಗೆ ಹೊಗಳಿಕೊಳ್ಳುವ ಚಟ ಸ್ವಲ್ಪ ಹೆಚ್ಚು. ಆದ್ದರಿಂದ ಎಡಗಾಲಿನ ಹೆಬ್ಬೆರಳು ಯಾವಾಗಲೂ ಊದಿಕೊಂಡೇ ಇರುತ್ತಿತ್ತು.

ಇದೆಲ್ಲ ದೃಷ್ಟಿಯ ಭಯ. ಜನರ ಕಣ್ಣಿಗೆ ಕಲ್ಲೂ ಒಡೆಯುತ್ತದೆ ಎಂದು ಕುಂದಾಪುರದಲ್ಲಿ ಅವಳ ಅಮ್ಮ ಹೇಳುತ್ತಿದ್ದರಂತೆ. ಇನ್ನು ಮಗಳು ಯಾವ ಲೆಕ್ಕ? ಶನಿವಾರ ಸಂಜೆ ವಿಜೇತಾಳನ್ನು ಕುರ್ಚಿಯಲ್ಲಿ ಕೂರಿಸಿ, ಹಿಡಿ ಉಪ್ಪು, ಒಣಮೆಣಸು, ಸಾಸಿವೆ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಕೂಡಲೇ ಚಾವಣಿಯ ಹೊಗೆ ಅಲಾರಂ ಕಿರುಚಿಕೊಳ್ಳುತ್ತಿತ್ತು. ಸ್ಟೂಲ್ ಹತ್ತಿ ಅದರ ಬ್ಯಾಟರಿ ಕೀಳುವುದು ನನ್ನ ಪಾಲಿನ ಪೂಜೆ. ಮಗಳು ಮಾತ್ರ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಅವಳಿಗೆ ಅದು ಅಮ್ಮನ ಒಂದು ಹಳೇ ಹುಚ್ಚು, ಅಷ್ಟೆ.

ಈ ವಿಜೇತಾಗೆ ಅಮೆರಿಕದಲ್ಲಿ ಓದಬೇಕೆಂಬ ಆಸೆ ಹುಟ್ಟಿತು. ಇಲ್ಲಿ ಗಣಿತ ತೆಗೆದುಕೊಂಡರೆ ಗಣಿತವೊಂದೇ. ಅಲ್ಲಿ ಗಣಿತದ ಜೊತೆಗೆ ಸಂಗೀತವನ್ನೂ ಓದಬಹುದಂತೆ. ಅವಳಿಗೆ ಎರಡೂ ಬೇಕಿತ್ತು. ಓಹಾಯೋದ ಒಂದು ಯೂನಿವರ್ಸಿಟಿಯವರು ಹೊರದೇಶದ ವಿದ್ಯಾರ್ಥಿಗಳಿಗೆ ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತಿದ್ದರು. ಅದು ಸಿಕ್ಕರೆ ಅಮೆರಿಕ, ಸಿಗದಿದ್ದರೆ ಇಲ್ಲ. ದೋಸೆ ಮಾರಿ ಅಲ್ಲಿಯ ಫೀಸು ಕಟ್ಟುವ ಮಾತೇ ಇರಲಿಲ್ಲ. ಅರ್ಜಿ ದಾಟಿತು, ಅಂಕಗಳು ದಾಟಿದವು. ಕೊನೆಗೆ ಉಳಿದದ್ದು ಒಂದು ಸಂದರ್ಶನ. ಅದೇ ಯೂನಿವರ್ಸಿಟಿಯಲ್ಲಿ ಓದಿ ಈಗ ಲಂಡನ್ನಿನ ಬ್ಯಾಂಕೊಂದರಲ್ಲಿ ಕೆಲಸದಲ್ಲಿರುವ ಮಿಸೆಸ್ ಕೋಲ್ಮನ್ ಎಂಬವರು ವಿಜೇತಾಳನ್ನು ಮಾತಾಡಿಸಿ, ಇವಳು ಯೋಗ್ಯಳೋ ಅಲ್ಲವೋ ಎಂದು ಬರೆದು ಕಳಿಸಬೇಕು.

ಎರಡು ಸಾವಿರದ ನಾಲ್ಕರ ಜನವರಿಯ ಒಂದು ಬೆಳಿಗ್ಗೆ ನಾವು ಮೂವರೂ ವೆಂಬ್ಲಿ ಪಾರ್ಕಿನಲ್ಲಿ ಜುಬಿಲಿ ಲೈನಿನ ರೈಲು ಹತ್ತಿ ಕ್ಯಾನರಿ ವಾರ್ಫ್‌ನಲ್ಲಿ ಇಳಿದೆವು. ತಂದೆತಾಯಿ ಬರಬೇಕೆಂದು ಯಾರೂ ಹೇಳಿರಲಿಲ್ಲ. ಬರಬಾರದು ಎಂದು ಮಗಳು ಹೇಳಿದ್ದಳು. ಸುಗುಣಾ ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ಹಾಕಿ, ಕೈಚೀಲವನ್ನು ಎದೆಗೊತ್ತಿಕೊಂಡು ಹೊರಟೇಬಿಟ್ಟಿದ್ದಳು.

ಬ್ಯಾಂಕಿನ ಆಫೀಸು ಎತ್ತರದ ಮಹಡಿಯಲ್ಲಿತ್ತು. ವಿಜೇತಾ ಗಾಜಿನ ಕೋಣೆಯೊಳಗೆ ಹೋದಳು, ನಾವು ಹೊರಗೆ ಸೋಫಾದಲ್ಲಿ ಕೂತೆವು. ನಾನು ತಂದ ಪತ್ರಿಕೆ ಬಿಡಿಸುವಷ್ಟರಲ್ಲಿ ಅವಳು ಎದ್ದು ಬಂದಳು. ಮುಖ ಸಣ್ಣದಾಗಿತ್ತು. ಹಿಂದೆಯೇ ಮಿಸೆಸ್ ಕೋಲ್ಮನ್ ನಮ್ಮನ್ನು ಲಿಫ್ಟಿನವರೆಗೆ ಕಳಿಸಲು ಬಂದರು. ಎತ್ತರದ, ಬೆಳ್ಳಿಗೂದಲಿನ ಹೆಂಗಸು. ಮರ್ಯಾದೆಗೆಂದು, ಮಗಳ ಬಗ್ಗೆ ನಿಮಗೆ ತುಂಬ ಹೆಮ್ಮೆ ಇರಬೇಕು ಎಂದರು.

ನಾನು ಬಾಯಿ ತೆರೆದೆ. ಹೆಬ್ಬೆರಳಿನ ಮೇಲೆ ಸುಗುಣಾಳ ಚಪ್ಪಲಿ ಬಿತ್ತು.

"ನೋ, ನೋ," ಎಂದಳು ಅವಳು ನಗುತ್ತ. "ನಥಿಂಗ್ ಲೈಕ್ ದಟ್. ವೆರಿ ಆರ್ಡಿನರಿ ಗರ್ಲ್. ಲೇಜಿ."

ಮಿಸೆಸ್ ಕೋಲ್ಮನ್ ನಮ್ಮ ಮೂವರ ಮುಖವನ್ನೂ ಒಮ್ಮೆ ನೋಡಿದರು. "ಐ ಸೀ," ಎಂದರು. ಲಿಫ್ಟಿನ ಬಾಗಿಲು ಮುಚ್ಚಿತು.

ವಿಜೇತಾ ಲಿಫ್ಟಿನ ಗೋಡೆಗೆ ಒರಗಿ, "ದಟ್ಸ್ ಇಟ್, ದೆನ್," ಎಂದಳು.

"ಎಂತ ಆಯ್ತ್ ಮಗಾ?" ಎಂದೆ.

"ಶಿ ಆಸ್ಕ್ಡ್ ವಾಟ್ಸ್ ಸ್ಪೆಷಲ್ ಅಬೌಟ್ ಮಿ. ಐ ಸೆಡ್, ನಥಿಂಗ್ ಸ್ಪೆಷಲ್."

"ಹಾಂಗ್ ಎಂತಕ್ಕೆ ಹೇಳ್ದೆ?"

ಅವಳು ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಅವತ್ತು ನೆಲ ನೋಡುತ್ತ ಕನ್ನಡದಲ್ಲೇ ಹೇಳಿದಳು. "ನಿಜ ಅಲ್ದಾ ಅಪ್ಪಯ್ಯ? ಅಮ್ಮ ಎಲ್ಲರ ಹತ್ರನೂ ಅದೇ ಹೇಳುದಲ್ದಾ? ಈಗ್ಲೂ ಅದೇ ಹೇಳಿತ್. ಅಮ್ಮಂಗೇ ನಾನು ಹಾಂಗೆ ಕಂಡ್ರೆ, ಬೇರೆಯವ್ರಿಗೆ ಎಂತ ಅಂತ ಹೇಳುದು?"

ಸುಗುಣಾಳ ಮುಖದ ನಗು ಹೊರಟುಹೋಯಿತು. "ನೀ ಅದನ್ನ ನಂಬ್ದ್ಯಾ?" ಎಂದಳು.

ಮಗಳು ಕೋಟಿನ ಗುಂಡಿ ಹಾಕಿಕೊಂಡಳು. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮಗೆ ಗೊತ್ತು. ಅಮೆರಿಕದವರು ತುಳುಕದ ಕೊಡ ಖಾಲಿ ಎಂದುಕೊಳ್ಳುತ್ತಾರೆ, ಹೋಗಲಿ. ನಮ್ಮ ಮನೆಯ ಕೊಡವೇ ತಾನು ಖಾಲಿ ಎಂದುಕೊಂಡು ಇಷ್ಟು ವರ್ಷ ಕೂತಿತ್ತಲ್ಲ.

ಲಿಫ್ಟ್ ಕೆಳಗೆ ಬಂತು. ಸೂಟು ಹಾಕಿದವರು ನಾಲ್ಕಾರು ಜನ ಒಳಗೆ ಬಂದರು. ಸುಗುಣಾ ಇಳಿಯಲಿಲ್ಲ. ನಮ್ಮಿಬ್ಬರನ್ನೂ ತೋಳು ಹಿಡಿದು ಒಳಗೇ ನಿಲ್ಲಿಸಿಕೊಂಡಳು.

"ಹ್ವಾಯ್, ಯಾವ ನಂಬ್ರ ಒತ್ತುದು?" ಎಂದಳು ನನಗೆ.

"ಅಮ್ಮ, ಪ್ಲೀಸ್, ಡೋಂಟ್," ಎಂದಳು ಮಗಳು. ಸುಗುಣಾ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಮೇಲೆ ರಿಸೆಪ್ಷನ್ನಿನ ಹುಡುಗ ಎದ್ದು ಬರುವುದರೊಳಗೆ ಅವಳು ಗಾಜಿನ ಕೋಣೆಯ ಬಾಗಿಲು ದಾಟಿದ್ದಳು. ಮಿಸೆಸ್ ಕೋಲ್ಮನ್ ಪೆನ್ನು ಹಿಡಿದು ಬರೆಯುತ್ತ ಕೂತಿದ್ದರು.

"ಮ್ಯಾಡಮ್," ಎಂದಳು ಸುಗುಣಾ. "ಐ ಟೋಲ್ಡ್ ಲೈ."

ಆಮೇಲೆ ಅವಳು ಮಾತಾಡಿದಳು. ಕೌಂಟರಿನಲ್ಲಿ ಕಲಿತ ಇಂಗ್ಲಿಷ್ ಒಂದೆರಡು ವಾಕ್ಯಕ್ಕೇ ಮುಗಿಯಿತು. ನನ್ನ ಕಡೆ ತಿರುಗಿ, "ಹ್ವಾಯ್, ನಾ ಹೇಳ್ತೆ, ನೀವು ಇಂಗ್ಲಿಷಲ್ಲಿ ಹೇಳಿ," ಎಂದಳು. ನಾನು ಅಭ್ಯಾಸಬಲದಿಂದ ಮೊದಲು ನನ್ನ ಕಾಲನ್ನು ಹಿಂದಕ್ಕೆಳೆದುಕೊಂಡೆ.

ಸೋಮಾರಿ ಅಲ್ಲ, ಎಂದಳು. ತನಗೆ ಪಿತ್ತಕೋಶದ ಆಪರೇಷನ್ ಆದಾಗ ಈ ಹುಡುಗಿ ಸಂಜೆಯೆಲ್ಲ ಕೌಂಟರಿನಲ್ಲಿ ನಿಂತಳು, ಪರೀಕ್ಷೆಯಲ್ಲಿ ಆಗಲೂ ಮೊದಲನೆಯವಳೇ. ಪಕ್ಕದ ಮನೆಯ ಗುಜರಾತಿ ಮಕ್ಕಳಿಗೆ ದೋಸೆ ತುಂಡುಮಾಡಿ ಭಿನ್ನರಾಶಿ ಕಲಿಸಿದವಳು ಇವಳು. ದೇವಸ್ಥಾನದಲ್ಲಿ ಒಮ್ಮೆ ಕೇಳಿದ ಭಜನೆಯನ್ನು ಮನೆಗೆ ಬಂದು ಕೀಬೋರ್ಡಿನಲ್ಲಿ ನುಡಿಸುತ್ತಾಳೆ. "ನಾನ್ ಅಡುಗೆಮನೆಯಲ್ಲಿ ನಿಂತ್ ಕೇಣ್ತೆ. ಮಗ್ಳಿಗೆ ಗೊತ್ತಿಲ್ಲೆ," ಎಂದಳು. ನಾನು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ.

ಕೊನೆಗೆ ಕೈಚೀಲದಿಂದ ಗಂಟು ಕಟ್ಟಿದ ಕರವಸ್ತ್ರ ತೆಗೆದು ಬಿಚ್ಚಿದಳು. ಒಳಗೆ ಒಂದು ಒಣಗಿದ ನಿಂಬೆಹಣ್ಣು, ಮತ್ತು ಒಂದು ಪದಕ. ಎರಡು ವರ್ಷದ ಹಿಂದೆ ಇಡೀ ದೇಶದ ಶಾಲೆಗಳ ಗಣಿತ ಸ್ಪರ್ಧೆಯಲ್ಲಿ ವಿಜೇತಾ ಗೆದ್ದದ್ದು. ಎಲ್ಲಿ ಎಂದು ಮಗಳು ಕೇಳಿದಾಗ, ಎಲ್ಲೋ ಬಿದ್ದಿರಬೇಕು ಎಂದಿದ್ದಳು ಸುಗುಣಾ. ಅದು ದೇವರ ಗೂಡಿನಲ್ಲಿ, ವಿಗ್ರಹದ ಬೆನ್ನ ಹಿಂದೆ ಇತ್ತು. ಇವತ್ತಿಗೆ ಒಳ್ಳೆಯದಾಗಲಿ ಎಂದು ಕಟ್ಟಿ ತಂದಿದ್ದಳು.

ಬಾಗಿಲಲ್ಲಿ ನಿಂತಿದ್ದ ವಿಜೇತಾ, "ಯು ಸೆಡ್ ಇಟ್ ವಾಸ್ ಲಾಸ್ಟ್," ಎಂದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದೂ ಮರೆತಿತ್ತು.

ಮಿಸೆಸ್ ಕೋಲ್ಮನ್ ಪದಕವನ್ನು ತಿರುಗಿಸಿ ನೋಡಿದರು. ಇದನ್ನೆಲ್ಲ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ನಾನು ದೃಷ್ಟಿಯ ವಿಷಯ ವಿವರಿಸಿದೆ. ನಮ್ಮಲ್ಲಿ ಮಕ್ಕಳನ್ನು ಪರರೆದುರು ಹೊಗಳುವುದಿಲ್ಲ, ಕೆಟ್ಟ ಕಣ್ಣು ಬೀಳುತ್ತದೆ ಎಂದು.

"ಅಂದರೆ, ನನ್ನ ಕಣ್ಣು?" ಎಂದರು ಅವರು.

ನಾನು ತಡವರಿಸಿದೆ. ಸುಗುಣಾ ತಡವರಿಸಲಿಲ್ಲ. "ಯೆಸ್, ಮ್ಯಾಡಮ್," ಎಂದಳು.

ಮಿಸೆಸ್ ಕೋಲ್ಮನ್ ತಲೆ ಹಿಂದಕ್ಕೆ ಹಾಕಿ ನಕ್ಕರು. ಬರೆದಿದ್ದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. ಎದುರಿನ ಕುರ್ಚಿ ತೋರಿಸಿ, ಕೂತುಕೋ ವಿಜೇತಾ, ಮೊದಲ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತೇನೆ, ನಿನ್ನಲ್ಲಿ ಏನು ವಿಶೇಷ ಎಂದರು.

ವಿಜೇತಾ ಕೂತಳು. ಅಮ್ಮನನ್ನು ನೋಡಿದಳು.

"ಹೇಳ್ ಮಗಾ," ಎಂದಳು ಸುಗುಣಾ.

"ಐ ಆಮ್ ವೆರಿ ಗುಡ್ ಅಟ್ ಮ್ಯಾಥ್ಸ್," ಎಂದಳು ನನ್ನ ಮಗಳು. ಮೊದಲು ಮೆಲ್ಲಗೆ, ಆಮೇಲೆ ದನಿ ಎತ್ತಿ.

ನಮ್ಮನ್ನು ಹೊರಗೆ ಕಳಿಸಿದರು. ಗಾಜಿನಾಚೆ ವಿಜೇತಾ ಕೈ ಆಡಿಸುತ್ತ ಮಾತಾಡುವುದು, ಎದ್ದು ಬೋರ್ಡಿನ ಮೇಲೆ ಏನೋ ಬರೆಯುವುದು, ಮಿಸೆಸ್ ಕೋಲ್ಮನ್ ಮುಂದಕ್ಕೆ ಬಾಗಿ ಕೇಳುವುದು ಎಲ್ಲ ಕಾಣುತ್ತಿತ್ತು. ನಾನು ಪತ್ರಿಕೆಯನ್ನು ಪೂರ್ತಿ ಓದಿ, ಮತ್ತೆ ಮೊದಲಿನಿಂದ ಓದಿದೆ. ಸುಗುಣಾ ಅಷ್ಟೂ ಹೊತ್ತು ಆ ನಿಂಬೆಹಣ್ಣನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. "ಇವತ್ತ್ ಮೆಣ್ಸ್ ಜಾಸ್ತಿ ಹಾಕ್ಕ್ ಮಾರಾಯ್ರೆ," ಎಂದಳು. ದೃಷ್ಟಿ ತೆಗೆಯುವಾಗ ಹಾಕಿದಳು ಕೂಡ. ಆ ಸಂಜೆ ಕೆಳಗೆ ದೋಸೆ ತಿನ್ನುತ್ತಿದ್ದವರೂ ಕೆಮ್ಮುತ್ತ ಎದ್ದು ಹೊರಗೆ ಹೋದರು.

ವಸಂತದಲ್ಲಿ ಓಹಾಯೋದಿಂದ ದಪ್ಪ ಲಕೋಟೆ ಬಂತು. ಸೀಟು ಸಿಕ್ಕಿತ್ತು, ಪೂರ್ತಿ ಸ್ಕಾಲರ್‌ಶಿಪ್ಪಿನ ಸಮೇತ. ಸುಗುಣಾ ಅವತ್ತು ಬಂದ ಗಿರಾಕಿಗಳಿಗೆಲ್ಲ ಅಕ್ಕಿ-ಬೆಲ್ಲದ ಹಾಲುಬಾಯಿ ಹಂಚಿದಳು. ಏನು ವಿಶೇಷ ಎಂದು ಒಬ್ಬರು ಕೇಳಿದರು. ಅವಳು ಗಂಟಲು ಸರಿಮಾಡಿಕೊಂಡು, "ಮೈ ಡಾಟರ್ ಈಸ್ ವೆರಿ ಕ್ಲೆವರ್," ಎಂದಳು. ಇಡೀ ಹೋಟೆಲಿಗೆ ಕೇಳಿಸುವಂತೆ ಹೇಳಿದಳು. ನನ್ನ ಹೆಬ್ಬೆರಳು ಆ ವರ್ಷ ಗುಣವಾಯಿತು.

ಆಗಸ್ಟಿನಲ್ಲಿ ಮಗಳು ಹೋದಳು. ಮೊದಲ ಭಾನುವಾರ ಫೋನು ಬಂತು. ಹೊರದೇಶದಿಂದ ಬಂದ ವಿದ್ಯಾರ್ಥಿಗಳನ್ನೆಲ್ಲ ಒಂದು ದೊಡ್ಡ ಹಾಲಿನಲ್ಲಿ ಕೂರಿಸಿ, ಒಬ್ಬೊಬ್ಬರೇ ಎದ್ದು ತಮ್ಮ ಬಗ್ಗೆ ಹೇಳಬೇಕೆಂದರಂತೆ.

"ನೀ ಎಂತ ಹೇಳ್ದೆ?" ಎಂದಳು ಸುಗುಣಾ.

"ಎಲ್ಲ ಹೇಳ್ದೆ ಅಮ್ಮ. ಗಣಿತ, ಪದಕ, ಕೀಬೋರ್ಡ್, ಎಲ್ಲ. ಎವ್ರಿವನ್ ಕ್ಲ್ಯಾಪ್ಡ್."

"ಎಷ್ಟ್ ಜನ ಇದ್ದಿದ್ರು?"

"ಟೂ ಹಂಡ್ರೆಡ್, ಮೇಬಿ."

ಸುಗುಣಾ ರಿಸೀವರನ್ನು ನನ್ನ ಕೈಗೆ ತುರುಕಿ ಅಡುಗೆಮನೆಗೆ ಓಡಿದಳು. ಎರಡೂ ಮುಷ್ಟಿಯಲ್ಲಿ ಉಪ್ಪು, ಮೆಣಸು ತುಂಬಿಕೊಂಡು ಬಂದು ನನ್ನ ಕೈಯಲ್ಲಿದ್ದ ರಿಸೀವರಿಗೆ ನಿವಾಳಿಸಿದಳು. ಇನ್ನೂರು ಜನರ ಕಣ್ಣು, ಸಣ್ಣ ಮಾತಲ್ಲ. ಒಲೆಗೆ ಹಾಕಿದಳು. ಅಲಾರಂ ಕಿರುಚಿಕೊಂಡಿತು.

ಆ ಕಡೆಯಿಂದ ಮಗಳು ಅಳುತ್ತ ನಗುತ್ತ ಕೂಗುತ್ತಿದ್ದಳು, "ಅಪ್ಪಯ್ಯ, ಬ್ಯಾಟರಿ, ಬ್ಯಾಟರಿ."

ನಾನು ಸ್ಟೂಲ್ ಹತ್ತಲಿಲ್ಲ. ರಿಸೀವರನ್ನು ಚಾವಣಿಯ ಕಡೆ ಎತ್ತಿ ಹಿಡಿದೆ, ಅವಳು ಚೆನ್ನಾಗಿ ಕೇಳಲಿ ಎಂದು.