ಎರಡು ಚುಕ್ಕೆ

ಮ್ಯಾನೇಜರು ಮಾತು ಮುಗಿಸುವ ಹೊತ್ತಿಗೆ ಬಳ್ಳಿಯಕ್ಕನ ಎರಡೂ ಕಿವಿ ಬಿಸಿಯಾಗಿದ್ದವು. ಸೋಮವಾರದಿಂದ ಅವಳು ಮಡಿಕೆ ವಿಭಾಗಕ್ಕೆ ಹೋಗಬೇಕಂತೆ. ಅಚ್ಚಾಗಿ ಒಣಗಿ ಬಂದ ಬಟ್ಟೆಯನ್ನು ಮಡಚಿ ಕಟ್ಟು ಕಟ್ಟುವ ಕೆಲಸ. ಇಪ್ಪತ್ತೇಳು ವರ್ಷ ಈ ಕಾರ್ಖಾನೆಯ ಬಟ್ಟೆಗೆ ಹೂವು, ಎಲೆ, ಬಳ್ಳಿ ಬರೆದು, ಬರೆದದ್ದಕ್ಕೇ ಬಳ್ಳಿಯಕ್ಕ ಎಂದು ಹೆಸರಾದವಳಿಗೆ ಈ ಮಾತನ್ನು ಆತ ಎಷ್ಟು ನಯವಾಗಿ ಹೇಳಿದನೆಂದರೆ, ಹೊರಗೆ ನಿಂತು ಕೇಳಿದವರು ಬಡ್ತಿ ಕೊಡುತ್ತಿದ್ದಾನೆ ಎಂದುಕೊಳ್ಳಬೇಕು. ಕುಳಿತು ಕುಳಿತು ಬೆನ್ನು ಹಿಡಿದಿರುತ್ತದೆ, ನಿಂತು ಮಾಡುವ ಕೆಲಸ ಮೈಗೆ ಒಳ್ಳೆಯದು ಎಂದೂ ಸೇರಿಸಿದ.

"ಹಾಗಾದ್ರೆ ನನ್ನನ್ನ ಕಂಪ್ಯೂಟರ್ ಕಲಿಯೋಕೆ ಯಾಕೆ ಕಳಿಸಿದ್ರಿ ಸಾರ್?"

"ಕಲಿತಿದ್ದೇನೂ ದಂಡ ಆಗಿಲ್ವಲ್ಲಮ್ಮ. ಹಳೇ ಡಿಸೈನೆಲ್ಲ ನೀವೇ ಸ್ಕ್ಯಾನ್ ಮಾಡಿ, ನೀವೇ ಕ್ಲೀನ್ ಮಾಡಿ ಕೊಟ್ರಿ. ಇನ್ನು ಹತ್ತು ವರ್ಷಕ್ಕೆ ಅಷ್ಟು ಸಾಕು. ಬಣ್ಣ ಬದಲಾಯಿಸ್ತಾ ಹೋದ್ರೆ ಆಯ್ತು. ಅದನ್ನ ಆಪರೇಟರ್ ನೋಡ್ಕೋತಾನೆ."

ಅವಳಿಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಎದುರಿಗಿದ್ದ ಲೋಟವನ್ನು ಎತ್ತಿ ಗೋಡೆಗೆ ಬೀಸಬೇಕು ಅನ್ನಿಸಿತು. ಬೀಸಲಿಲ್ಲ. ಲೋಟ ಗಾಜಿನದಾಗಿತ್ತು, ಆಮೇಲೆ ಗುಡಿಸುವವಳು ಅವಳ ಗೆಳತಿಯೇ.

ಆರು ತಿಂಗಳ ಹಿಂದೆ ಇದೇ ಮನುಷ್ಯ ಅವಳ ಬರೆಯುವ ಮೇಜನ್ನು ಎತ್ತಿಸಿದ್ದ. ಕಿಟಕಿಯ ಪಕ್ಕದ ಆ ಜಾಗದಲ್ಲಿ ಕಂಪ್ಯೂಟರ್ ಬರುತ್ತದೆ, ಕಲಿತು ಬಂದರೆ ಆ ಕುರ್ಚಿ ನಿಮ್ಮದೇ ಎಂದಿದ್ದ. ಅವಳು ನಂಬಿದಳು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ತರಬೇತಿ ಕೇಂದ್ರಕ್ಕೆ ದಿನಾ ಬೆಳಿಗ್ಗೆ ಹೋಗತೊಡಗಿದಳು. ಕ್ಲಾಸಿನಲ್ಲಿ ಎಲ್ಲರೂ ಹದಿನೆಂಟು ಇಪ್ಪತ್ತರವರು. ಪಾಠ ಹೇಳುವ ಮೇಡಂ ಅವಳ ಮಗಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಬಳ್ಳಿಯಕ್ಕ ಅವಳನ್ನು ಮೇಡಂ ಎನ್ನುತ್ತಿದ್ದಳು, ಅವಳು ಇವಳನ್ನು ಆಂಟಿ ಎನ್ನುತ್ತಿದ್ದಳು. ಸಂಜೆ ಮನೆಗೆ ಬಂದರೆ ಗಂಡ ರೇಡಿಯೊ ಸಣ್ಣಗೆ ಮಾಡಿ, "ಕಾಲೇಜು ಹುಡುಗಿ ಬಂದ್ಲು, ಯಾರಲ್ಲಿ, ಟೀ ತನ್ನಿ" ಎಂದು ಕೂಗಿ, ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ತಾನೇ ಎದ್ದು ಟೀ ಕಾಸುತ್ತಿದ್ದ.

ಮೊದಲ ವಾರ ಮೌಸ್ ಅವಳ ಮಾತೇ ಕೇಳಲಿಲ್ಲ. ಮೇಜಿನ ಅಂಚಿಗೆ ಹೋಗಿ ಕೆಳಗೆ ಬೀಳುತ್ತಿತ್ತು, ಹುಡುಗರು ಮುಸಿಮುಸಿ ನಗುತ್ತಿದ್ದರು. ಮೂರನೆಯ ವಾರಕ್ಕೆ ನಗು ನಿಂತಿತು. ಅವಳು ಮೌಸಿನಲ್ಲಿ ಎಳೆದ ಎಲೆಯ ಬಾಗು ಅವರ್ಯಾರಿಗೂ ಬರುತ್ತಿರಲಿಲ್ಲ. ಅವಳಿಗಂತೂ ಹುಚ್ಚು ಹಿಡಿದಂತಾಯಿತು. ಅರ್ಧ ದಿನ ಕೂತು ಹನ್ನೆರಡು ಸಲ ಬರೆಯುತ್ತಿದ್ದ ಎಲೆ ಇಲ್ಲಿ ಒಂದು ಗುಂಡಿ ಒತ್ತಿದರೆ ಹನ್ನೆರಡಾಗುತ್ತಿತ್ತು. ತಪ್ಪಿದರೆ ರಬ್ಬರು ಬೇಡ, ಹಿಂದಕ್ಕೆ ಹೋದರಾಯಿತು. ದೊಡ್ಡದು ಮಾಡಿ ನೋಡಿದರೆ ತನ್ನದೇ ಗೆರೆ ಹಗ್ಗದಷ್ಟು ದಪ್ಪ. ಎಲ್ಲಿ ಕೈ ನಡುಗಿದೆ, ಎಲ್ಲಿ ಉಸಿರು ಬಿಟ್ಟಿದ್ದೇನೆ ಎಲ್ಲ ಅದರಲ್ಲಿ ಕಾಣುತ್ತಿತ್ತು.

ಅವಳು ಎಲ್ಲಕ್ಕಿಂತ ಮರುಳಾದದ್ದು ಚೌಕಕ್ಕೆ. ಬಟ್ಟೆಯ ಚಿತ್ತಾರ ಎಂದರೆ ಒಂದೇ ಒಂದು ಚೌಕ. ಅದೇ ಚೌಕ ಬಟ್ಟೆಯುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಬಲಗಡೆ ಹೊರಗೆ ಹೋದ ಬಳ್ಳಿ ಎಡಗಡೆ ಒಳಗೆ ಬರಬೇಕು. ಇಷ್ಟು ವರ್ಷ ಆ ಲೆಕ್ಕವನ್ನು ಅವಳು ತಲೆಯಲ್ಲೇ ಹೊತ್ತಿದ್ದಳು. ಮೇಡಂ ಒಂದು ಗುಂಡಿ ಒತ್ತಿ ಇಡೀ ಪರದೆಯ ತುಂಬ ಬಳ್ಳಿ ಹಬ್ಬಿಸಿದಾಗ ಬಳ್ಳಿಯಕ್ಕ ಕ್ಲಾಸಿನ ನಡುವೆಯೇ ಜೋರಾಗಿ ನಕ್ಕುಬಿಟ್ಟಿದ್ದಳು.

ಅಭ್ಯಾಸಕ್ಕೆ ಏನಾದರೂ ತನ್ನಿ ಎಂದಳು ಮೇಡಂ. ಉಗ್ರಾಣದಲ್ಲಿ ಬಿದ್ದಿರುವ ನಿಮ್ಮ ಹಳೆಯ ಕಾಗದಗಳನ್ನೇ ಒಯ್ಯಿರಿ ಎಂದ ಮ್ಯಾನೇಜರು. ಅವಳಿಗೆ ಹೆಮ್ಮೆಯಾಯಿತು. ಇನ್ನೂರಕ್ಕೂ ಹೆಚ್ಚು ಕಾಗದ. ಒಂದೊಂದನ್ನೂ ಸ್ಕ್ಯಾನರಿನ ಗಾಜಿನ ಮೇಲೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದಳು. ಕಲೆ, ಧೂಳು, ಮಡಿಕೆಯ ಗೆರೆ ಎಲ್ಲವನ್ನೂ ಪರದೆಯ ಮೇಲೆ ಒರೆಸಿದಳು.

ಅಲ್ಲೇ ಅವಳು ಎಡವಿದ್ದು. ಬಟ್ಟೆಯ ಮೇಲೆ ಬರೆಯುವವರ ಹೆಸರು ಬರುವಂತಿಲ್ಲ. ಅವಳಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಎಲೆಯ ಕಂಕುಳಲ್ಲಿ, ಯಾರ ಕಣ್ಣೂ ಹೋಗದ ಕಡೆ, ಒಂದು ಸಣ್ಣ ಕೊಕ್ಕೆ ಬರೆಯುತ್ತಿದ್ದ. ನೀನೂ ಒಂದು ಗುರುತು ಇಟ್ಟುಕೋ, ಆದರೆ ಸಾಸಿವೆಗಿಂತ ದೊಡ್ಡದು ಬೇಡ ಎಂದಿದ್ದ. ಚೌಕದಲ್ಲಿ ಕಂಡೂ ಕಾಣದಂತಿರುವುದು ಬಟ್ಟೆಗೆ ಬಂದಾಗ ಸಾಲು ಹಿಡಿಯುತ್ತದೆ, ದೂರದಿಂದ ನೋಡಿದರೆ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ. ಇದು ಬರೆಯುವವರು ಮೊದಲ ವರ್ಷ ಬೈಸಿಕೊಂಡು ಕಲಿಯುವ ಪಾಠ. ಅವಳು ಎರಡು ಚುಕ್ಕೆ ಇಟ್ಟುಕೊಂಡಳು. ಮೇಸ್ತ್ರಿ ಸತ್ತ ಮೇಲೆ ಆ ಚುಕ್ಕೆಗಳ ವಿಷಯ ಅವಳೊಬ್ಬಳಿಗೇ ಗೊತ್ತಿತ್ತು.

"ಆಂಟಿ, ಇಲ್ಲಿ ಎರಡು ಕೊಳೆ ಉಳಿದಿದೆ ನೋಡಿ" ಎಂದು ಮೇಡಂ ಪರದೆಗೆ ಬೆರಳಿಟ್ಟಾಗ ಹುಡುಗರೆಲ್ಲ ತಿರುಗಿ ನೋಡಿದರು. ಅದು ಕೊಳೆಯಲ್ಲ, ಅದು ನಾನು ಎನ್ನುವ ಮಾತು ಬಾಯಿಗೆ ಬಂದಿತ್ತು. ಈ ವಯಸ್ಸಿನಲ್ಲಿ, ಇಷ್ಟು ಜನ ಮಕ್ಕಳ ಎದುರಿಗೆ ಹಾಗೆ ಹೇಳಲು ನಾಚಿಕೆಯಾಯಿತು. ಒರೆಸಿದಳು. ಆಮೇಲೆ ವಿಧೇಯ ವಿದ್ಯಾರ್ಥಿಯ ಹಾಗೆ ಪ್ರತಿ ಕಾಗದದಲ್ಲೂ ಮೊದಲು ಅದನ್ನೇ ಹುಡುಕಿ ಒರೆಸಿದಳು. ಆಂಟಿಯಷ್ಟು ಚೊಕ್ಕವಾಗಿ ಯಾರೂ ಮಾಡುವುದಿಲ್ಲ ಎಂದು ಮೇಡಂ ಹೊಗಳಿದಳು. ಬಳ್ಳಿಯಕ್ಕ ಉಬ್ಬಿದಳು.

ಈಗ ಮ್ಯಾನೇಜರ ಮೇಜಿನ ಮುಂದೆ ನಿಂತು, ಆ ಉಬ್ಬಿದ ಹೆಂಗಸಿನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

"ಅವೆಲ್ಲ ನಾನು ಬರೆದಿದ್ದು ಸಾರ್. ನನ್ನ ಕೈಯಲ್ಲಿ."

"ಇಲ್ಲ ಅಂದೋರ್ಯಾರು? ಬರೆದಿದ್ದಕ್ಕೆ ಸಂಬಳ ತಗೊಂಡಿಲ್ವಾ?" ಆತ ಕಂಪ್ಯೂಟರನ್ನು ಅವಳ ಕಡೆಗೆ ತಿರುಗಿಸಿ, ಒಂದೊಂದೇ ಚಿತ್ರ ಸರಿಸಿದ. "ನಿಮ್ದು ಅನ್ನೋಕೆ ಇದರಲ್ಲಿ ಏನಿದೆ ತೋರ್ಸಿ."

ಅವಳು ತೋರಿಸಲು ಬಗ್ಗಿದಳು. ಎಲೆಯ ಕಂಕುಳು ಹಾಲಿನಷ್ಟು ಬೆಳ್ಳಗಿತ್ತು. ಇಲ್ಲಿ ಎರಡು ಚುಕ್ಕೆ ಇದ್ದವು, ಎಲ್ಲದರಲ್ಲೂ ಇದ್ದವು, ಕ್ಲಾಸಿನಲ್ಲಿ ಕೊಳೆ ಅಂದದ್ದಕ್ಕೆ ನಾನೇ ಒರೆಸಿದೆ ಎಂದಳು. ಕಾಗದಗಳಲ್ಲಿ ಈಗಲೂ ಇರುತ್ತವೆ, ತರಿಸಿ ಎಂದಳು. ಕಾಗದಕ್ಕೆ ಹುಳ ಹಿಡಿದಿತ್ತು, ಹೋದ ತಿಂಗಳೇ ರದ್ದಿಗೆ ಹೋಯಿತು ಎಂದ.

"ಕೊಳೆ ಅಂತ ನೀವೇ ಕೈಯಾರೆ ಒರೆಸಿದ್ರಿ. ಈಗ ನನ್ನ ಕೇಳಿದ್ರೆ?" ಎಂದು ನಕ್ಕ. ಆಮೇಲೆ, ದೊಡ್ಡ ಬಳ್ಳಿಯ ಡಿಸೈನೊಂದು ಇನ್ನೂ ನಿಮ್ಮ ಪೆನ್ ಡ್ರೈವಿನಲ್ಲೇ ಇದೆಯಲ್ಲ, ಶನಿವಾರದೊಳಗೆ ಮುಗಿಸಿ ಕೊಡಿ, ಮೊದಲ ಆರ್ಡರೇ ಅದರದ್ದು ಎಂದ.

ರಸ್ತೆಗೆ ಬಂದಾಗ ಅವಳ ಮೈ ಉರಿಯುತ್ತಿತ್ತು. ಪೆನ್ ಡ್ರೈವು ಕೈಚೀಲದಲ್ಲಿತ್ತು. ಮೋರಿಗೆ ಎಸೆದುಬಿಡಲೇ ಎಂದು ಎರಡು ಸಲ ನಿಂತಳು. ದೊಡ್ಡ ಬಳ್ಳಿಯನ್ನು ಅವಳು ಪ್ರೀತಿಯಿಂದ ಕೊನೆಗೆ ಉಳಿಸಿಕೊಂಡಿದ್ದಳು. ಅದರ ಚುಕ್ಕೆಗಳನ್ನು ಒರೆಸಿ ವಾರವಾಗಿತ್ತು, ಅಂಚು ಜೋಡಿಸುವುದಷ್ಟೇ ಬಾಕಿ. ಮೋರಿಗೆ ಎಸೆದರೆ ಅದೂ ಹೋಗುತ್ತದೆ. ಆಗ ಆ ಮನುಷ್ಯ ಗೆದ್ದ ಹಾಗೆಯೇ. ಹಲ್ಲು ಕಚ್ಚಿಕೊಂಡು ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿದಳು.

ಮೇಡಂ ಊಟದ ಡಬ್ಬಿ ಮುಚ್ಚುತ್ತಿದ್ದಳು. ಬಳ್ಳಿಯಕ್ಕನ ಮುಖ ನೋಡಿ ಏನಾಯಿತು ಎಂದು ಕೇಳಿದಳು. ನಿಂತಲ್ಲೇ ಎಲ್ಲವನ್ನೂ ಹೇಳಿದಳು ಬಳ್ಳಿಯಕ್ಕ. ಚುಕ್ಕೆಗಳ ವಿಷಯಕ್ಕೆ ಬಂದಾಗ ಹುಡುಗಿಯ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು.

"ಅವತ್ತೇ ಹೇಳಬಾರದಿತ್ತಾ ಆಂಟಿ?"

ಮಾತು ನಿಜವಾದ್ದರಿಂದ ಇನ್ನಷ್ಟು ಸಿಟ್ಟು ಬಂತು. ಕಂಪ್ಯೂಟರಿನ ಮುಂದೆ ಕೂತು ದೊಡ್ಡ ಬಳ್ಳಿಯನ್ನು ತೆರೆದಳು. ಒಮ್ಮೆ ಅಂಚು ಜೋಡಿಸಿದಳು. ಬಲಗಡೆ ಹೋದ ಬಳ್ಳಿ ಎಡಗಡೆ ಸರಿಯಾಗಿ ಬಂತು. ಅಂಥ ಸಿಟ್ಟಿನಲ್ಲೂ ಅದನ್ನು ಕಂಡು ಅವಳಿಗೆ ಖುಷಿಯಾಯಿತು, ಖುಷಿಯಾದದ್ದಕ್ಕೆ ಮತ್ತೆ ಸಿಟ್ಟು ಬಂತು.

"ಮೇಡಂ, ಈ ಚೌಕದಲ್ಲಿ ಒಂದು ಸಲ ಇಟ್ರೆ ಬಟ್ಟೆ ಪೂರ್ತಿ ಬರುತ್ತೆ ಅಲ್ವಾ?"

"ಬರುತ್ತೆ ಆಂಟಿ. ಎಷ್ಟು ಮೀಟರ್ ಇದ್ರೂ."

ಬಳ್ಳಿಯಕ್ಕ ಎಲೆಯ ಕಂಕುಳನ್ನು ಬಿಟ್ಟಳು. ಎಲೆಯೂ ಇಲ್ಲದ, ಹೂವೂ ಇಲ್ಲದ ಬಯಲನ್ನು ಹುಡುಕಿ, ಬಳ್ಳಿಯದೇ ಕಡುಹಸಿರಿನಲ್ಲಿ ಎರಡು ಚುಕ್ಕೆ ಇಟ್ಟಳು. ಸಾಸಿವೆಯಷ್ಟಲ್ಲ, ಅಂಗಿಯ ಗುಂಡಿಯಷ್ಟು. ಒಂದು ಚೌಕದಲ್ಲಿ ನೋಡಿದರೆ ಮೊಗ್ಗಿರಬೇಕು ಎನ್ನಿಸುತ್ತಿತ್ತು. ಮೇಡಂ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ಕೆಲಸ ಹೋಗಲ್ವಾ ಆಂಟಿ ಎಂದು ಮೆಲ್ಲಗೆ ಕೇಳಿದಳು. ಕೆಲಸ ಹೋಗಿ ಆಯ್ತಲ್ಲ ಎಂದಳು ಬಳ್ಳಿಯಕ್ಕ.

ಶನಿವಾರ ಪೆನ್ ಡ್ರೈವು ಮ್ಯಾನೇಜರ ಕೈ ಸೇರಿತು. ಆಪರೇಟರು ಒಂದು ಚೌಕ ತೆಗೆದು ತೋರಿಸಿದ. ಮ್ಯಾನೇಜರು ಬಣ್ಣ ನೋಡಿ, ಚೆನ್ನಾಗಿದೆ ಎಂದು ಸಹಿ ಹಾಕಿದ. ಇಬ್ಬರೂ ಬದುಕಿನಲ್ಲಿ ಒಂದು ಎಲೆಯನ್ನೂ ಬರೆದವರಲ್ಲ.

ಗುರುವಾರ ಬಟ್ಟೆ ಮಡಿಕೆ ವಿಭಾಗಕ್ಕೆ ಬಂತು. ಎಂಟುನೂರು ಮೀಟರ್. ಉದ್ದನೆಯ ಮೇಜಿನ ಆಚೆ ಈಚೆ ನಾಲ್ವರು ಹೆಂಗಸರು, ಅವರಲ್ಲಿ ಬಳ್ಳಿಯಕ್ಕ ಹೊಸಬಳು. ಬಟ್ಟೆ ಬಿಚ್ಚಿಕೊಳ್ಳುತ್ತಿದ್ದಂತೆ ಚುಕ್ಕೆಗಳು ಸಾಲು ಹಿಡಿದು ಮೇಜಿನ ಈ ತುದಿಯಿಂದ ಆ ತುದಿಗೆ ಹೊರಟವು. ಬಳ್ಳಿ ಹಿಂದಕ್ಕೆ ಸರಿದು, ಚುಕ್ಕೆಗಳೇ ಮೊದಲು ಕಾಣುತ್ತಿದ್ದವು. ಇದೇನಕ್ಕ ಹೀಗಿದೆ ಎಂದು ಪಕ್ಕದವಳು ಕೇಳಿದಳು. ನನ್ನ ಗುರುತು ಎಂದಳು ಬಳ್ಳಿಯಕ್ಕ. ಈ ಸಲ ನಾಚಿಕೆಯಾಗಲಿಲ್ಲ.

ಯಾರೋ ಹೋಗಿ ಹೇಳಿರಬೇಕು, ಮ್ಯಾನೇಜರು ಓಡೋಡಿ ಬಂದ. ಬಟ್ಟೆಯ ಅಂಚನ್ನು ಎತ್ತಿ ಬೆಳಕಿಗೆ ಹಿಡಿದ. ಸಾಲನ್ನು ನೋಡಿದ, ಅವಳನ್ನು ನೋಡಿದ. ಕುತ್ತಿಗೆಯ ನರ ಉಬ್ಬಿತ್ತು. ಉಳಿದ ಮೂವರೂ ಕೈ ನಿಲ್ಲಿಸಿ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಏನಿದು?"

"ಕೊಳೆ ಇರಬೇಕು ಸಾರ್" ಎಂದಳು ಬಳ್ಳಿಯಕ್ಕ. "ಒರೆಸಿ ನೋಡಿ."

ಆತ ಬಟ್ಟೆಯತ್ತ ಬಗ್ಗಿದ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಒಂದು ಚುಕ್ಕೆಯ ಮೇಲಿಟ್ಟು ಉಜ್ಜತೊಡಗಿದ. ಬಳ್ಳಿಯಕ್ಕ ತನ್ನ ಕಡೆಯ ಬಟ್ಟೆಯನ್ನು ಎಳೆದುಕೊಂಡು, ಚುಕ್ಕೆಯ ಮೇಲೆ ಚುಕ್ಕೆ ಕೂರುವ ಹಾಗೆ ನೋಡಿ ಮಡಚಿದಳು.